ಹೆರಿಗೆ ಕೋಣೆಯಲ್ಲಿ ಗಂಡನಿಗೂ ಕೆಲಸ ಇದೆ

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ಹೆಂಡತಿಗೆ ಆರನೇ ತಿಂಗಳು, ಇನ್ನೂ ಒಬ್ಬ ಡಾಕ್ಟರೂ ನೋಡಿಲ್ಲ, ಬರೀ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ, ನೋಡಿ ಕಳಿಸುತ್ತಿದ್ದಾರೆ, ಊರಿಗೆ ಕಳಿಸಿಬಿಡಲಾ ಅಂತ ಕೇಳಿದ್ದೀರಿ. ನಾನೂ ಇದೇ ಚಿಂತೆ ಮಾಡಿಕೊಂಡು ಓಡಾಡಿದವನೇ. ಆಗ ಹುಟ್ಟಿದ ಮಗಳಿಗೆ ಈಗ ಒಂಬತ್ತು ವರ್ಷ.

ಕಳಿಸುವುದು ಬಿಡುವುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಆದರೆ ಡಾಕ್ಟರ್ ನೋಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಬೇಡ. ಎಲ್ಲ ಸರಿಯಿದ್ದರೆ ಇಲ್ಲಿ ಹೆರಿಗೆ ಮಾಡಿಸುವುದೇ ಮಿಡ್‌ವೈಫ್. ಏನಾದರೂ ತೊಂದರೆ ಕಂಡರೆ ಮಾತ್ರ ಡಾಕ್ಟರ್ ಬರುತ್ತಾರೆ. ನಮ್ಮ ಹೆರಿಗೆಯಲ್ಲಿ ಮಗುವಿನ ಎದೆಬಡಿತ ಸ್ವಲ್ಪ ಇಳಿದಾಗ ಒಬ್ಬರು ಬಂದು, ಮಾನಿಟರ್ ನೋಡಿ, ಎರಡು ಮಾತಾಡಿ ಹೋದರು. ಅಷ್ಟೇ.

ನೋವು ಶುರುವಾಗಿದ್ದು ರಾತ್ರಿ ಹನ್ನೊಂದಕ್ಕೆ. ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತೇ ಆಸ್ಪತ್ರೆಗೆ ಫೋನ್ ಮಾಡಿದೆ. ನಾನು ಗಡಿಬಿಡಿಯಲ್ಲಿ ಹೇಳುತ್ತಿದ್ದರೆ, 'ಅವರ ಕೈಗೆ ಕೊಡಿ' ಅಂದರು. ನನಗೆ ಅವಮಾನವಾದ ಹಾಗಾಯಿತು. ಆಮೇಲೆ ಗೊತ್ತಾಯಿತು, ನೋವು ಬಂದಾಗ ಇವಳ ಮಾತು ನಿಲ್ಲುತ್ತದಾ ಅಂತ ಅವರು ಕೇಳಿಸಿಕೊಳ್ಳುತ್ತಿದ್ದರು. ಹತ್ತು ನಿಮಿಷಕ್ಕೆ ಮೂರು ಸಲ ನೋವು ಬರುವವರೆಗೆ ಮನೆಯಲ್ಲೇ ಇರಿ ಅಂದರು. ನನಗೆ ತಾಳ್ಮೆ ಎಲ್ಲಿ? ಕರೆದುಕೊಂಡು ಹೋದೆ. ಗರ್ಭಕೋಶದ ಬಾಯಿ ಎರಡೇ ಸೆಂಟಿಮೀಟರ್ ತೆರೆದಿದೆ ಅಂತ ವಾಪಸ್ ಕಳಿಸಿದರು. ನಾಲ್ಕು ಸೆಂಟಿಮೀಟರ್ ತೆರೆದುಕೊಂಡ ಮೇಲೆಯೇ ಅವರ ಲೆಕ್ಕದಲ್ಲಿ ಹೆರಿಗೆ ಶುರು. ಹೊರಗೆ ಬರುವಾಗ ನನಗೆ ಬಂದ ಕೋಪ ಹೇಳತೀರದು. ಆದರೆ ಮನೆಗೆ ಬಂದು ಬಿಸಿನೀರಲ್ಲಿ ಕೂತಾಗ ಅವಳಿಗೆ ಸ್ವಲ್ಪ ಆರಾಮವಾಯಿತು ಅನ್ನುವುದೂ ನಿಜ. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆಯಾದರೆ ಮಾತ್ರ ಈ ನಿಮಿಷದ ಲೆಕ್ಕವೆಲ್ಲ ಬಿಡಿ. ಎಷ್ಟು ಹೊತ್ತಾಗಿದ್ದರೂ ತಕ್ಷಣ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಎರಡನೇ ಸಲ ಹೋದಾಗ ಐದು ಸೆಂಟಿಮೀಟರ್. ಸೇರಿಸಿಕೊಂಡರು. ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ನನ್ನ ಹೆಂಡತಿ ಕಿರುಚುವವಳಲ್ಲ. ಹಲ್ಲು ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ತಡೆದುಕೊಳ್ಳುವವಳು. ಮಿಡ್‌ವೈಫ್ ಒಂದೊಂದು ಸಲ ಬಂದು 'ಹೇಗಿದ್ದೀರಿ?' ಅಂದಾಗಲೂ 'ಓಕೆ' ಅಂದಳು. ಆಫೀಸಿನಲ್ಲಿ ಇಂಗ್ಲಿಷ್ ನೀರು ಕುಡಿದ ಹಾಗೆ ಮಾತಾಡುವವಳಿಗೆ ಆ ಹೊತ್ತಲ್ಲಿ ಬಂದದ್ದು ಅದೊಂದೇ ಪದ. ಅವರು ಅದನ್ನೇ ನಂಬಿದರು. ನನ್ನ ಹತ್ತಿರ ಮಾತ್ರ ಕನ್ನಡದಲ್ಲಿ 'ಆಗ್ತಿಲ್ಲ ಕಣೋ, ಸೊಂಟ ಮುರಿದು ಬೀಳ್ತಿದೆ' ಅನ್ನುತ್ತಿದ್ದಳು. ನಾನು ಬೆನ್ನು ಸವರುತ್ತಾ ಸುಮ್ನೆ ಕೂತಿದ್ದೆ. ಕೊನೆಗೆ ಎಪಿಡ್ಯೂರಲ್, ಅಂದರೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡುವ ಇಂಜೆಕ್ಷನ್, ಕೇಳಿದಾಗ ಅರಿವಳಿಕೆ ಡಾಕ್ಟರ್ ಇನ್ನೊಂದು ಆಪರೇಷನ್ನಿನಲ್ಲಿದ್ದರು. ಅವರು ಬರುವಷ್ಟರಲ್ಲಿ ತಡವಾಗಿಹೋಗಿತ್ತು. ಒಂದು ಗಂಟೆ ಮುಂಚೆ ನಾನು ಬಾಯಿ ಬಿಟ್ಟಿದ್ದರೆ ಸಿಗುತ್ತಿತ್ತೇನೋ. ಅವಳು ಇವತ್ತಿಗೂ ಇದನ್ನು ಎತ್ತಿ ಆಡುತ್ತಾಳೆ. ಆಡಲಿ, ಸರಿಯೇ ಇದೆ.

ನೋವು ಕಡಿಮೆ ಮಾಡಲು ಉಸಿರಿನಲ್ಲಿ ಎಳೆದುಕೊಳ್ಳುವ ಗ್ಯಾಸ್ ಅಂಡ್ ಏರ್ ಸಿಕ್ಕಿತು. ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್. ಅದು ಹಿಡಿಯಲು ಹದಿನೈದು ಇಪ್ಪತ್ತು ಸೆಕೆಂಡ್ ಬೇಕು. ನೋವು ಏರಿದ ಮೇಲೆ ಎಳೆದುಕೊಂಡರೆ ಪ್ರಯೋಜನವಿಲ್ಲ, ಶುರುವಾಗುತ್ತಿದ್ದ ಹಾಗೇ ಎಳೆದುಕೊಳ್ಳಬೇಕು. ಮಾನಿಟರಿನ ಗೆರೆ ಮೇಲೇಳುವುದನ್ನು ನೋಡಿ 'ಹಾಂ, ಈಗ' ಅನ್ನುವುದು ನನ್ನ ಕೆಲಸವಾಯಿತು. ಹೊರಗೆ ಬೆಂಚಿನ ಮೇಲೆ ಕಾಯುವ ಗಂಡ ಇಲ್ಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಲು ಕತ್ತರಿಯನ್ನೂ ನನ್ನ ಕೈಗೇ ಕೊಟ್ಟರು. ಕೈ ನಡುಗಿ ಎರಡನೇ ಸಲಕ್ಕೆ ಕತ್ತರಿಸಿತು. ಮಗುವನ್ನು ನೇರ ಅವಳ ಎದೆಯ ಮೇಲೆ ಮಲಗಿಸಿದರು. ಸ್ವಲ್ಪ ಹೊತ್ತಿಗೆ ಚಹಾ, ಬೆಣ್ಣೆ ಸವರಿದ ಟೋಸ್ಟ್ ಬಂತು. ಅಂಥ ಟೋಸ್ಟ್ ಜನ್ಮದಲ್ಲಿ ತಿಂದಿಲ್ಲ ಅನ್ನುತ್ತಾಳೆ.

ರಾತ್ರಿ ವಾರ್ಡಿಗೆ ಹಾಕಿದ ಮೇಲೆ ನನ್ನನ್ನು ಮನೆಗೆ ಕಳಿಸಿದರು. ಅದು ನಮ್ಮಿಬ್ಬರಿಗೂ ತುಂಬಾ ಕಷ್ಟವಾಯಿತು. ನಿಮ್ಮ ಆಸ್ಪತ್ರೆಯ ನಿಯಮ ಏನು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಮಿಡ್‌ವೈಫ್ ನೋಡುತ್ತಾರೆ, ಐದನೇ ದಿನ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ, ಗಾಬರಿಯಾಗಬೇಡಿ. ಬಾಣಂತನಕ್ಕೆ ಅಮ್ಮನನ್ನು ಕರೆಸುವುದಾದರೆ ವಿಸಿಟರ್ ವೀಸಾಗೆ ಪ್ರಯಾಣದ ಮೂರು ತಿಂಗಳು ಮುಂಚೆಯಷ್ಟೇ ಅರ್ಜಿ ಹಾಕಬಹುದು, ದಿನ ಎಣಿಸಿಕೊಂಡು ಹಾಕಿ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜನನ ನೋಂದಣಿಗೆ 42 ದಿನ. ನೀವಿಬ್ಬರೂ ವರ್ಕ್ ವೀಸಾದಲ್ಲಿದ್ದರೆ, ಇಲ್ಲಿ ಹುಟ್ಟಿದರೂ ಮಗು ಬ್ರಿಟಿಷ್ ಪ್ರಜೆಯಾಗುವುದಿಲ್ಲ. 1983ರಿಂದ ಹೀಗೆ. ಒಂದು ವರ್ಷದೊಳಗೆ ಭಾರತೀಯ ಹೈಕಮಿಷನ್‌ನಲ್ಲಿ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿ. ಊರಿಗೆ ಹೋಗಿ ವಾಪಸ್ ಬರಬೇಕೆಂದರೆ ಮಗುವಿಗೂ ವೀಸಾ ಬೇಕು.

ಮುಂದಿನ ಭೇಟಿಯಲ್ಲಿ ಮಿಡ್‌ವೈಫ್ ಬರ್ತ್ ಪ್ಲಾನ್, ಅಂದರೆ ಹೆರಿಗೆ ಹೇಗೆ ಆಗಬೇಕು ಅನ್ನುವ ನಿಮ್ಮ ಇಷ್ಟಗಳ ಪಟ್ಟಿ, ಬರೆಯೋಣ ಅನ್ನಬಹುದು. ಯಾವ ಸಂಗೀತ ಬೇಕು, ದೀಪ ಮಂದ ಇರಲಾ ಅಂತೆಲ್ಲ ಇರುತ್ತದೆ. ಅದೆಲ್ಲ ಆಮೇಲೆ. ನಿಮ್ಮ ಮನೆಯವರೂ ತಡೆದುಕೊಳ್ಳುವ ಜಾತಿಯವರಾದರೆ, ಮೊದಲ ಸಾಲಲ್ಲೇ ಇದನ್ನು ಬರೆಸಿ: ಇವಳು ಸುಮ್ಮನಿದ್ದಾಳೆ ಅಂದರೆ ನೋವಿಲ್ಲ ಅಂತ ಅರ್ಥ ಅಲ್ಲ.