ಉಡುಪಿಯ ವಕೀಲರೊಬ್ಬರ ಚಳಿಗಾಲದ ಪ್ರಬಂಧಕ್ಕೆ ಸಂಪಾದಕರ ಉತ್ತರ

ಮಾನ್ಯ ವಕೀಲರಿಗೆ ನಮಸ್ಕಾರಗಳು.

ನೀವು ಕಳುಹಿಸಿದ ‘ಇಬ್ಬನಿಯೊಳಗೆ ಕರಿಕೋಟು’ ಎಂಬ ಪ್ರಬಂಧವನ್ನು ಓದಿದೆ. ಉಡುಪಿಯಲ್ಲಿ ವಕೀಲಿಕೆ ನಡೆಸುತ್ತಿರುವ ನೀವು ನವೆಂಬರಿನಿಂದ ಜನವರಿಯವರೆಗಿನ ನಿಮ್ಮ ದಿನಚರಿಯನ್ನು ಒಂಬತ್ತು ಪುಟಗಳಲ್ಲಿ ಬರೆದಿದ್ದೀರಿ. ಮುಂಜಾನೆಯ ಚಳಿಯಿಂದ ಹೊರಟ ಬರಹವು ಒಂದು ಪಾಲಿನ ದಾವೆಯ ವಿಚಾರಣೆ, ಸಂಜೆಯ ಕಚೇರಿ, ಯಕ್ಷಗಾನ, ಕಂಬಳ ಮತ್ತು ಕೃಷ್ಣಮಠದ ಪರ್ಯಾಯಗಳನ್ನು ಹಾದು ಮುಗಿಯುತ್ತದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಐದನೆಯ ಪುಟದಲ್ಲಿ ಅರ್ಧ ಪುಟದಷ್ಟು ನಿಜವಾದ ಬರಹವಿದೆ. ಅದು ಇಲ್ಲದಿರುತ್ತಿದ್ದರೆ ‘ಸ್ವೀಕರಿಸಲಾಗಿಲ್ಲ’ ಎಂಬ ಒಂದು ಸಾಲಿನಲ್ಲೇ ಈ ಉತ್ತರ ಮುಗಿಯುತ್ತಿತ್ತು.

ಮೊದಲು ಚಳಿಯ ವಿಚಾರ. ಸ್ವೆಟರು ತೊಟ್ಟು, ಮಫ್ಲರು ಸುತ್ತಿಕೊಂಡು, ನಡುಗುವ ಕೈಗಳಲ್ಲಿ ಕಾಫಿ ಲೋಟವನ್ನು ಹಿಡಿದು ನೀವು ಮೊದಲ ಪುಟದಲ್ಲಿ ಕುಳಿತಿದ್ದೀರಿ. ಈ ಚಳಿ ಮಡಿಕೇರಿಯದ್ದಿರಬಹುದು, ಚಿಕ್ಕಮಗಳೂರಿನದ್ದಿರಬಹುದು, ಉಡುಪಿಯದ್ದಂತೂ ಅಲ್ಲ. ಡಿಸೆಂಬರಿನ ಮುಂಜಾವದಲ್ಲಿ ಇಲ್ಲಿನ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಸುದ್ದಿ, ಮಧ್ಯಾಹ್ನದ ಹೊತ್ತಿಗೆ ಅದು 32ಕ್ಕೆ ಏರಿರುತ್ತದೆ. ನಮ್ಮ ಕಡೆಯ ಚಳಿಗಾಲವನ್ನು ಗುರುತಿಸುವುದು ನಡುಕದಿಂದಲ್ಲ. ಬೆಳಗಿನ ಜಾವ ಘಟ್ಟದ ಕಡೆಯಿಂದ ಬೀಸುವ ಒಣಗಾಳಿ, ಅದರಿಂದ ಒಡೆಯುವ ತುಟಿ, ಹೂ ಬಿಡಲು ತೊಡಗಿದ ಮಾವು ಮತ್ತು ಗೇರು, ಬಾವಿಯಲ್ಲಿ ಒಂದೊಂದೇ ಮೆಟ್ಟಿಲು ಕೆಳಗಿಳಿಯುವ ನೀರು ಇವೆಲ್ಲ ಅದರ ಗುರುತುಗಳು. ಇವುಗಳಲ್ಲಿ ಒಂದೂ ನಿಮ್ಮ ಪ್ರಬಂಧದಲ್ಲಿ ಇಲ್ಲ.

ಕರಿಕೋಟು ‘ಚಳಿಗೆ ಬೆಚ್ಚಗಿನ ಆಸರೆ’ ಎಂದು ಬರೆದಿದ್ದೀರಿ. ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯ ಅವಧಿಗೆ ಕೋಟು ಕಡ್ಡಾಯವಲ್ಲ ಎಂದು ಬಾರ್ ಕೌನ್ಸಿಲಿನ ನಿಯಮವೇ ಹೇಳುತ್ತದೆ. ಹಾಗಾಗಿ ಕರಾವಳಿಯ ವಕೀಲನಿಗೆ ಡಿಸೆಂಬರ್ ಎಂದರೆ ಸೆಕೆಯಿದ್ದರೂ ಕೋಟು ಕಳಚಲಾಗದ ತಿಂಗಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾರ್ ಅಸೋಸಿಯೇಶನ್ನಿನ ಕುರ್ಚಿಗಳ ಬೆನ್ನಿಗೆ ತೂಗುಹಾಕಿದ ಕೋಟುಗಳ ಕಂಕುಳಲ್ಲಿ ಬೆವರು ಒಣಗಿ ಬಿಳಿಯ ಗೆರೆ ಮೂಡಿರುವುದನ್ನು ನೀವು ಪ್ರತಿದಿನವೂ ನೋಡುತ್ತೀರಿ. ಕೋಟಿನ ಬಗ್ಗೆ ಬರೆಯಲೇಬೇಕೆಂದಿದ್ದರೆ ಆ ಗೆರೆಯನ್ನು ಬರೆಯಬೇಕಿತ್ತು.

ನನಗೆ ಹೆಚ್ಚು ಬೇಸರವಾದದ್ದು ಮೂರನೆಯ ಪುಟದ ವಿಚಾರಣೆಯ ದೃಶ್ಯ. ನ್ಯಾಯಾಧೀಶರು ಮರದ ಸುತ್ತಿಗೆಯನ್ನು ಕುಟ್ಟಿ ‘ಆರ್ಡರ್, ಆರ್ಡರ್’ ಎನ್ನುತ್ತಾರೆ; ಸಾಕ್ಷಿಯಾದ ವೃದ್ಧೆ ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾರೆ; ಆಮೇಲೆ ಕಟಕಟೆಯಲ್ಲಿ ನಿಂತು ಮನೆತನದ ಕಥೆಯನ್ನು ಎರಡು ಪುಟದಷ್ಟು ಹೇಳುತ್ತಾರೆ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆಯೂ ಇಲ್ಲ, ಗೀತೆಯೂ ಇಲ್ಲ. 1969ರ ಪ್ರಮಾಣವಚನ ಕಾಯಿದೆಯಂತೆ ಸಾಕ್ಷಿಯು ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಿದರೆ ಸಾಕು. ಸಿವಿಲ್ ದಾವೆಗಳಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆಯು ಅಫಿದವಿತ್ತಿನ, ಅಂದರೆ ಲಿಖಿತ ಪ್ರಮಾಣಪತ್ರದ ರೂಪದಲ್ಲಿ ಬರುವ ಪದ್ಧತಿ 2002ರ ತಿದ್ದುಪಡಿಯಿಂದ ಇದೆ. ನಿಮ್ಮ ವೃದ್ಧೆ ಬಾಯಿ ತೆರೆಯಬೇಕಾದದ್ದು ಬಹುಮಟ್ಟಿಗೆ ಪಾಟೀಸವಾಲಿನಲ್ಲಿ, ಅದೂ ‘ಹೌದು’, ‘ಅಲ್ಲ’, ‘ನೆನಪಿಲ್ಲ’ ಎನ್ನುವುದಕ್ಕೆ. ಇದನ್ನೆಲ್ಲ ಒಬ್ಬ ಸಂಪಾದಕ ವಕೀಲರಿಗೆ ತಿಳಿಸಿಕೊಡಬೇಕೇ? ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬರೆಯಲು ಕುಳಿತಾಗ ಮಾತ್ರ ನೀವು ನಿಮ್ಮ ಕಸುಬನ್ನು ಬದಿಗಿಟ್ಟು, ಸಿನಿಮಾ ನೋಡಿದವರ ನೆನಪಿನಿಂದ ಕೋರ್ಟನ್ನು ಕಟ್ಟಿದ್ದೀರಿ. ‘ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆ’ಯೂ ಅಲ್ಲಿಂದಲೇ ಬಂದವಳು. ಸುಪ್ರೀಂ ಕೋರ್ಟಿನಲ್ಲಿ ಇಟ್ಟ ಹೊಸ ವಿಗ್ರಹದ ಕಣ್ಣಿಗೆ ಬಟ್ಟೆಯೇ ಇಲ್ಲ, ಆದರೂ ಪ್ರಬಂಧಕಾರರು ಆಕೆಯನ್ನು ಬಿಡುತ್ತಿಲ್ಲ.

ಈಗ ಐದನೆಯ ಪುಟಕ್ಕೆ ಬರುತ್ತೇನೆ. ಅಕ್ಕ ಮತ್ತು ತಮ್ಮನ ನಡುವಿನ ಗಡಿ ತಕರಾರಿನಲ್ಲಿ ನ್ಯಾಯಾಲಯ ನೇಮಿಸಿದ ಕಮಿಷನರರ ಸ್ಥಳ ತನಿಖೆಗೆ ನೀವು ಅಕ್ಕನ ಪರವಾಗಿ ಹೋಗಿದ್ದೀರಿ. ಮಳೆಗಾಲದ ಎಣೇಲು ಬೆಳೆಯ ಕೊಯ್ಲು ಮುಗಿದ ಗದ್ದೆ, ಚಪ್ಪಲಿಯ ಅಂಚಿನಲ್ಲಿ ಕಾಲಿಗೆ ಚುಚ್ಚುವ ಕೂಳೆ, ಸರ್ವೆಯರ್ ಟೇಪು ಹಿಡಿದು ನಡೆದಂತೆ ಅವರ ಹಿಂದೆ ಎರಡು ಸಾಲಾಗಿ ನಡೆಯುವ ಎರಡು ಕಡೆಯವರು. ಪಾಲುಪಟ್ಟಿಯಲ್ಲಿ ಹೇಳಿದ ಗಡಿಕಲ್ಲು ಕಾಣಿಸುವುದಿಲ್ಲ. ಅಕ್ಕ ಗದ್ದೆಯಂಚಿನ ಹುಣಿಯ ಮೇಲೆ ಕುಳಿತು, ಕೈಯಿಂದ ಒಣಹುಲ್ಲನ್ನು ಸರಿಸಿ, ಯಾರಿಗೂ ಏನೂ ಹೇಳದೆ ಒಂದು ಜಾಗವನ್ನು ತೋರಿಸುತ್ತಾರೆ. ಅಷ್ಟರಲ್ಲಿ ಪ್ರತಿವಾದಿಯಾದ ತಮ್ಮ ತನ್ನ ತೋಟದಿಂದ ಬೊಂಡ (ಎಳನೀರು) ಇಳಿಸಿ, ಕೆತ್ತಿ, ಎಲ್ಲರಿಗೂ ಕೊಡುತ್ತಾರೆ. ಅಕ್ಕನಿಗೂ ಕೊಡುತ್ತಾರೆ. ಅಕ್ಕ ಕುಡಿಯುತ್ತಾರೆ, ಕಮಿಷನರರು ಮಾತ್ರ ಬೇಡವೆನ್ನುತ್ತಾರೆ. ಒಂದು ಕಡೆಯವರಿಂದ ಬೊಂಡ ಕುಡಿದರೆ ನಾಳೆ ವರದಿಗೆ ಆಕ್ಷೇಪಣೆ ಸಲ್ಲಿಸುವವರು ಅದನ್ನೂ ಬರೆಯುತ್ತಾರೆ ಎಂದು ಅವರಿಗೆ ಗೊತ್ತು. ನಿಮಗೆ ಕೊಟ್ಟ ಬೊಂಡ ಏನಾಯಿತು ಎಂದು ನೀವು ಬರೆಯಲಿಲ್ಲ. ‘ಇರಲಿ, ಜೀವನವೇ ಹೀಗೆ’ ಎಂದು ಮುಂದಿನ ಪುಟದ ಯಕ್ಷಗಾನಕ್ಕೆ ಹೊರಟುಬಿಟ್ಟಿರಿ. ಒಂಬತ್ತು ಪುಟಗಳಲ್ಲಿ ಮುಂದೇನಾಯಿತು ಎಂದು ತಿಳಿಯುವ ಆಸೆ ನನಗೆ ಹುಟ್ಟಿದ್ದು ಇಲ್ಲಿ ಮಾತ್ರ, ನೀವು ಕೈಬಿಟ್ಟದ್ದೂ ಇಲ್ಲಿಯೇ.

ಈ ಅರ್ಧ ಪುಟ ಏಕೆ ಗೆದ್ದಿತೆಂದರೆ ಅದರಲ್ಲಿ ಚಳಿಗಾಲ ತಾನಾಗಿಯೇ ಇದೆ, ‘ಚಳಿಗಾಲ’ ಎಂದು ನೀವು ಒಮ್ಮೆಯೂ ಹೇಳಬೇಕಾಗಿ ಬಂದಿಲ್ಲ. ಮಳೆಗಾಲದಲ್ಲಿ ಬೈಲು ಗದ್ದೆಯಲ್ಲಿ ನೀರು ನಿಂತಿರುತ್ತದೆ, ಆಮೇಲೆ ಪೈರು ನಿಂತಿರುತ್ತದೆ. ಕೊಯ್ಲು ಮುಗಿದ ಮೇಲೆಯೇ ಹುಣಿ ಎಲ್ಲಿ ಸರಿದಿದೆ, ಬೇಲಿ ಎಷ್ಟು ಮುಂದೆ ಬಂದಿದೆ ಎಂಬುದು ಕಣ್ಣಿಗೆ ಬೀಳುವುದು. ಸ್ಥಳ ತನಿಖೆಗೆ ಕೋರ್ಟು ಕೊಡುವ ಕಮಿಷನ್ ವಾರಂಟುಗಳಿಗೆ ಕಾಲು ಬರುವುದು ಆಗ. ನಿಮ್ಮ ಕಪಾಟಿನ ಫೈಲುಗಳನ್ನು ಈ ದೃಷ್ಟಿಯಿಂದ ಒಮ್ಮೆ ತೆರೆದು ನೋಡಿ. ತೋಡಿಗೆ ಕಟ್ಟ ಹಾಕಿ ಮೇಲಿನವರು ನೀರು ನಿಲ್ಲಿಸಿದರು, ಕೆಳಗಿನವರ ಎರಡನೆಯ ಬೆಳೆಯಾದ ಸುಗ್ಗಿಗೆ ನೀರಿಲ್ಲ ಎಂಬ ತಕರಾರು ಯಾವ ತಿಂಗಳಲ್ಲಿ ನಿಮ್ಮ ಜಗಲಿಗೆ ಬರುತ್ತದೆ? ಗದ್ದೆ ಒಣಗಿದ ಕೂಡಲೇ ಅದರ ನಡುವೆ ಬೈಕು ಓಡಿಸಿ ದಾರಿ ಮಾಡಿಕೊಂಡವರ ಮೇಲೆ ತಡೆಯಾಜ್ಞೆ ಬೇಕೆಂದು ಬರುವವರು ಯಾವಾಗ ಬರುತ್ತಾರೆ? ಕುಮ್ಕಿಯ ವಿಷಯವನ್ನೇ ತೆಗೆದುಕೊಳ್ಳಿ. ವರ್ಗ ಜಾಗಕ್ಕೆ, ಅಂದರೆ ಪಟ್ಟಾ ಜಾಗಕ್ಕೆ ತಾಗಿದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ತರಗೆಲೆ ತೆಗೆಯುವ ಸವಲತ್ತು ಅದು; ಹಕ್ಕುಪತ್ರವಿಲ್ಲ, ಆದರೆ ತಲೆಮಾರುಗಳ ರೂಢಿಯಿದೆ. ತರಗೆಲೆ ಉದುರಿ ಗುಡ್ಡೆ ತುಂಬುವ ಈ ದಿನಗಳಲ್ಲಿ, ಹಟ್ಟಿಗೆ ಹಾಸಲು ಅದನ್ನು ಗುಡಿಸಲು ಹೋದ ಹೆಂಗಸರ ನಡುವೆ ಆದ ಮಾತು ಪೊಲೀಸ್ ಠಾಣೆಯ ವರೆಗೆ ಹೋಗಿ, ಕೊನೆಗೆ ನಿಮ್ಮ ಮೇಜಿನ ಮೇಲೆ ನಕ್ಷೆಯಾಗಿ ಬಂದು ಬೀಳುತ್ತದೆ. ಕರಾವಳಿಯ ಹೊರಗಿನ ಯಾವ ಪ್ರಬಂಧಕಾರರಿಗೂ ಈ ಚಳಿಗಾಲ ಸಿಗುವುದಿಲ್ಲ.

ಉಳಿದ ಪುಟಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಕ್ಷಗಾನ, ಕಂಬಳ, ಪರ್ಯಾಯಗಳ ಪ್ಯಾರಾಗಳು ಪ್ರವಾಸೋದ್ಯಮದ ಕೈಪಿಡಿಯಿಂದ ಎತ್ತಿಕೊಂಡಂತೆ ಇವೆ. ‘ಪ್ರತಿ ಜನವರಿಯಲ್ಲಿ ಪರ್ಯಾಯದ ಸಡಗರ’ ಎಂಬ ವಾಕ್ಯವನ್ನಂತೂ ಉಡುಪಿಯ ಯಾವ ಓದುಗರೂ ಕ್ಷಮಿಸಲಾರರು. ಪರ್ಯಾಯ ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಬರುತ್ತದೆ, ವರ್ಷ ವರ್ಷವೂ ಬರುವುದು ಮಕರ ಸಂಕ್ರಾಂತಿಯ ಸಮಯದ ಸಪ್ತೋತ್ಸವ. ಇವುಗಳನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ ವಕೀಲರ ಬಾಗಿಲಿನಿಂದ ಒಳಗೆ ತನ್ನಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹೇರುವ 2000ದ ಶಬ್ದಮಾಲಿನ್ಯ ನಿಯಮಗಳಿಂದಾಗಿ, ಹರಕೆಯ ಯಕ್ಷಗಾನದ ಆಟ ಆಡಿಸುವ ಮನೆಯವರು ಅನುಮತಿಯ ಬಗ್ಗೆ ಕೇಳಲು ನಿಮ್ಮಲ್ಲಿಗೆ ಬಂದಿರಬೇಕಲ್ಲವೇ? ಕಂಬಳದ ತಿದ್ದುಪಡಿ ಕಾಯಿದೆಯನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಾಗ ನಿಮ್ಮ ಬಾರಿನಲ್ಲಿ ಏನು ಮಾತಾಡಿಕೊಂಡರು? ಅದು ಗೊತ್ತಿಲ್ಲದೆ ಕೋಣಗಳ ‘ಮಿಂಚಿನ ಓಟ’ ನನಗೆ ಬೇಡ. ಡಿಸೆಂಬರ್ 3ರ ವಕೀಲರ ದಿನಾಚರಣೆಯ ಭಾಷಣಗಳ ವಿವರವನ್ನೂ ತೆಗೆದುಬಿಡಿ.

ಭಾಷೆಯ ಬಗ್ಗೆ ಒಂದೇ ಮಾತು. ಜಗಲಿಯಲ್ಲಿ ಕಾಯುವ ಕಕ್ಷಿದಾರರಿಂದ ನೀವು ‘ಭಾವಪೂರ್ಣ ಕಂಗಳಿಂದ ನ್ಯಾಯವನ್ನು ಯಾಚಿಸು’ವಂತೆ ಮಾಡಿದ್ದೀರಿ. ಅವರು ಕೇಳುವುದು ‘ವಕೀಲರೇ, ಮುಂದಿನ ವಾಯಿದೆ ಯಾವಾಗ?’ ಎಂದು. ಆ ಪ್ರಶ್ನೆಯನ್ನೇ ಹಾಗೆಯೇ ಬರೆಯಿರಿ.

ನನ್ನ ಸಲಹೆ ಇಷ್ಟು: ಐದನೆಯ ಪುಟವನ್ನು ಉಳಿಸಿಕೊಂಡು ಉಳಿದುದನ್ನು ಬಿಡಿ, ಆ ಒಂದು ತನಿಖೆಯ ದಿನವನ್ನೇ ಬೆಳಗಿನಿಂದ ಸಂಜೆಯವರೆಗೆ ಬರೆಯಿರಿ. ಕಮಿಷನರರಿಗೆ ಎರಡೂ ಕಡೆಯವರು ಕೊಟ್ಟ ಜ್ಞಾಪನದಲ್ಲಿ ಏನಿತ್ತು, ಅಕ್ಕ ತೋರಿಸಿದ ಜಾಗದಲ್ಲಿ ಅಗೆದಾಗ ಕಲ್ಲು ಸಿಕ್ಕಿತೇ, ವರದಿಯಲ್ಲಿ ಅದು ಹೇಗೆ ಬಂತು, ವಾಪಸು ಬರುವಾಗ ಕಾರಿನಲ್ಲಿ ಅಕ್ಕ ತಮ್ಮನ ಬಗ್ಗೆ ಏನು ಹೇಳಿದರು ಎಂಬುದೆಲ್ಲ ಬರಲಿ. ಆದರೆ ಕಕ್ಷಿದಾರರು ನಿಮ್ಮನ್ನು ನಂಬಿ ಹೇಳಿದ ಮಾತು ನಿಮ್ಮದಲ್ಲ, ಅವರದು. ಪ್ರಕರಣ ಮುಗಿದಿದ್ದರೂ ಅಂಥ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬಾರದು, ಒಪ್ಪಿದರೂ ಊರು, ಸರ್ವೆ ನಂಬ್ರ, ಸಂಬಂಧಗಳನ್ನು ಗುರುತು ಸಿಗದಂತೆ ಬದಲಿಸಿರಬೇಕು. ದಾವೆ ಇನ್ನೂ ನಡೆಯುತ್ತಿದ್ದರೆ ಈಗಲೇ ಕಳುಹಿಸಬೇಡಿ, ತೀರ್ಪಾಗಿ ಅಪೀಲಿನ ಅವಧಿ ಕಳೆಯುವವರೆಗೆ ನಾನು ಕಾಯುತ್ತೇನೆ. ನಾಲ್ಕು ಪುಟ ಮೀರದಂತೆ ನೋಡಿಕೊಳ್ಳಿ.

ಇತಿ,
ಸಂಪಾದಕ