ಅಪ್ಪ-ಅಮ್ಮ ಹಡಗಿಗೆ ಬರ್ತಿದ್ದಾರೆ, ನನಗೆ ರಜೆ ಇಲ್ಲ

ಪ್ರಶ್ನೆ: ನಾನು ಕ್ರೂಸ್ ಹಡಗೊಂದರ ಡೈನಿಂಗ್ ಹಾಲ್‌ನಲ್ಲಿ ಅಸಿಸ್ಟೆಂಟ್ ವೇಟರ್. ಇದು ನನ್ನ ಎರಡನೇ ಕಾಂಟ್ರಾಕ್ಟ್. ಸಿಬ್ಬಂದಿಯ ಮನೆಯವರಿಗೆ ಸಿಗುವ ರಿಯಾಯಿತಿಯಲ್ಲಿ ಅಪ್ಪ-ಅಮ್ಮನಿಗೆ ಏಳು ರಾತ್ರಿಯ ಪ್ರಯಾಣ ಬುಕ್ ಮಾಡಿದ್ದೇನೆ, ಮುಂದಿನ ತಿಂಗಳು ಬರುತ್ತಾರೆ. ಬುಕ್ ಮಾಡುವಾಗ ಇದ್ದ ಖುಷಿ ಈಗಿಲ್ಲ. ಅಪ್ಪ ‘ಒಂದು ವಾರ ರಜೆ ಹಾಕು, ಮೂವರೂ ಸುತ್ತಾಡೋಣ’ ಅನ್ನುತ್ತಾರೆ. ನನಗೋ ಮೂರು ಹೊತ್ತೂ ಡ್ಯೂಟಿ. ಸಹೋದ್ಯೋಗಿಗಳು ‘ನಿನ್ನ ಶಿಫ್ಟ್ ನಾವು ನೋಡ್ಕೋತೀವಿ’ ಅಂತಿದ್ದಾರೆ. ನನಗೆ ಸ್ವಂತ ರೂಮಿದೆ, ಕಿಟಕಿಯಿಂದ ಸಮುದ್ರ ಕಾಣುತ್ತೆ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೇನೆ. ನಿಜಕ್ಕೂ ಇರುವುದು ನೀರಿನ ಮಟ್ಟಕ್ಕಿಂತ ಕೆಳಗೆ, ಇಬ್ಬರಿಗೆ ಸೇರಿ ಒಂದು ಕ್ಯಾಬಿನ್. ಅಪ್ಪನಿಗೆ ನನ್ನ ಟೇಬಲ್‌ನಲ್ಲೇ ಕೂತು ಊಟ ಮಾಡುವ ಆಸೆ. ಮನೆಯಲ್ಲಿ ಬಡಿಸುವುದು ಬೇರೆ, ಯೂನಿಫಾರ್ಮ್ ಹಾಕಿಕೊಂಡು ಬಡಿಸುವುದು ಬೇರೆ ಅನ್ನಿಸುತ್ತಿದೆ. ಇದನ್ನೆಲ್ಲ ನೋಡಿದರೆ ಅಮ್ಮ ‘ಸಾಕು, ಬಿಟ್ಟು ಬಾ’ ಅನ್ನೋದು ಖಂಡಿತ. ಏನಾದರೂ ನೆಪ ಹೇಳಿ ಮುಂದೂಡಲೇ?

– ಹೆಸರು ಬೇಡ

ಉತ್ತರ: ಮುಂದೂಡಬೇಡಿ. ಕಿಟಕಿಯ ಸುಳ್ಳಿಗೇ ನಿಮಗೆ ನಿದ್ದೆ ಬರುತ್ತಿಲ್ಲ, ಅದರ ಮೇಲೆ ಇನ್ನೊಂದು ಬೇರೆ ಯಾಕೆ?

ಮೊದಲು ಸಹೋದ್ಯೋಗಿಗಳ ಮಾತು. ಅವರ ಮನಸ್ಸು ದೊಡ್ಡದು, ಆದರೆ ಅವರ ದಿನಕ್ಕೂ ಇರುವುದು ನಿಮ್ಮಷ್ಟೇ ಗಂಟೆ. ಹಡಗಿನ ಕೆಲಸಗಾರರಿಗಾಗಿ 2006ರಲ್ಲಿ ಅಂಗೀಕಾರವಾಗಿ 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ನಿಮಗೆ ಗೊತ್ತೇ ಇರುತ್ತದೆ. ವಿಶ್ರಾಂತಿಯ ಲೆಕ್ಕ ಇಡುವ ಕಡೆಯಲ್ಲೆಲ್ಲ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ 77 ಗಂಟೆ ಬಿಡುವು ಸಿಗಲೇಬೇಕು. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡುವಂತಿಲ್ಲ, ಅದರಲ್ಲೊಂದು ಭಾಗ 6 ಗಂಟೆಗೆ ಕಡಿಮೆ ಇರುವಂತಿಲ್ಲ. ನಿಮ್ಮ ಬೆಳಗಿನ ಶಿಫ್ಟ್ ಹೊತ್ತುಕೊಂಡ ಹುಡುಗ ತನ್ನ ರಾತ್ರಿಯ ಶಿಫ್ಟೂ ಮಾಡಬೇಕಲ್ಲ? ವಾರವಿಡೀ ಹೀಗೆ ನಡೆದರೆ ಒಂದೋ ಅವನ ನಿದ್ದೆ ಹೋಗುತ್ತದೆ, ಇಲ್ಲವೇ ಯಾರೋ ರಿಜಿಸ್ಟರ್‌ನಲ್ಲಿ ಸುಳ್ಳು ಬರೆಯಬೇಕಾಗುತ್ತದೆ. ಹಾಗಾಗಿ ಒಳಗೊಳಗೇ ಹೊಂದಾಣಿಕೆ ಬೇಡ. ಸೂಪರ್‌ವೈಸರ್ ಬಳಿ ಹೋಗಿ ‘ಅಪ್ಪ-ಅಮ್ಮ ಬರ್ತಿದ್ದಾರೆ, ಒಂದು ಸಂಜೆ ಬಿಡಿ’ ಅಂತ ನೇರವಾಗಿ ಕೇಳಿ. ಇಷ್ಟು ಮೊದಲೇ ಕೇಳಿದರೆ ಆಗಲ್ಲ ಅನ್ನುವವರು ಕಡಿಮೆ.

‘ರಜೆ ಹಾಕು’ ಅನ್ನುವುದು ರಜೆ ಹಾಕಬಹುದಾದ ಕೆಲಸ ನೋಡಿದವರ ಮಾತು. ಕಾಂಟ್ರಾಕ್ಟ್ ಮುಗಿಯುವ ತನಕ ವಾರದ ಏಳೂ ದಿನ ದುಡಿಯುವ ಕೆಲಸವೊಂದಿದೆ ಅಂತ ನಿಮ್ಮ ತಂದೆಗೆ ಯಾರು ಹೇಳಿದ್ದಾರೆ? ನೀವಂತೂ ಹೇಳಿಲ್ಲ. ‘ತುಂಬಾ ಕೆಲಸ ಅಪ್ಪಾ’ ಅಂದರೆ ಅದು ನೆಪದಂತೆ ಕೇಳಿಸುತ್ತದೆ. ಎಷ್ಟು ಗಂಟೆಗೆ ಏಳುತ್ತೀರಿ, ಯಾವಾಗ ಹಾಲ್ ಬಾಗಿಲು ತೆಗೆಯುತ್ತದೆ, ಯಾವಾಗ ಮುಚ್ಚುತ್ತದೆ, ನಡುವೆ ಎಷ್ಟು ಹೊತ್ತು ಬಿಡುವು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋಟೊ ಕಳಿಸಿ. ಅಪ್ಪಂದಿರಿಗೆ ವೇಳಾಪಟ್ಟಿ ಬೇಗ ಅರ್ಥವಾಗುತ್ತದೆ.

ಸಮಯ ಹುಡುಕಬೇಕಾದದ್ದು ಬಂದರಿನ ದಿನಗಳಲ್ಲಿ. ಹಡಗು ಸಮುದ್ರದಲ್ಲೇ ಇರುವ ದಿನ ಪ್ರಯಾಣಿಕರೆಲ್ಲ ಊಟಕ್ಕೆ ಒಳಗೇ ಇರುತ್ತಾರೆ, ನಿಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬಂದರಿಗೆ ಬಂದಾಗ ಮುಕ್ಕಾಲು ಹಡಗು ಇಳಿದು ಹೋಗುತ್ತದೆ. ಆದರೆ ತುರ್ತು ಕರ್ತವ್ಯಕ್ಕೆಂದು ಸಿಬ್ಬಂದಿಯಲ್ಲಿ ಒಂದಷ್ಟು ಜನ ಹಡಗಿನಲ್ಲೇ ಉಳಿಯಬೇಕು; ಯಾವ ಬಂದರಿನಲ್ಲಿ ನಿಮ್ಮ ಸರದಿ ಅಂತ ಈಗಲೇ ಪಟ್ಟಿ ನೋಡಿ, ಬೇಕಾದರೆ ಆ ಸರದಿಯನ್ನು ಅದಲುಬದಲು ಮಾಡಿಕೊಳ್ಳಿ. ಇನ್ನೊಂದು ವಿಷಯ ಬಹಳ ಮಂದಿ ಮರೆಯುತ್ತಾರೆ: ನೀವು ಇಳಿಯುವುದು ಸಿಬ್ಬಂದಿಯಾಗಿ, ಅವರು ಇಳಿಯುವುದು ಪ್ರವಾಸಿಗಳಾಗಿ. ವೀಸಾ ನಿಯಮ ಇಬ್ಬರಿಗೂ ಒಂದೇ ಅಲ್ಲ. ದಾರಿಯಲ್ಲಿ ಸಿಗುವ ಪ್ರತಿ ದೇಶಕ್ಕೂ ಅವರಿಗೆ ಏನು ಬೇಕು ಅಂತ ವಿಚಾರಿಸಿ. ವಿಮೆಯೂ ಅಷ್ಟೇ. ಹಡಗಿನ ಆಸ್ಪತ್ರೆಯಲ್ಲಿ ನಿಮಗೆ ಬಿಲ್ ಬರುವುದಿಲ್ಲ, ಅವರಿಗೆ ಬರುತ್ತದೆ, ಅದೂ ಜೋರಾಗಿಯೇ ಬರುತ್ತದೆ.

ಈಗ ಕಿಟಕಿ. ಇದನ್ನು ಅವರು ಹೊರಡುವ ಮೊದಲೇ ಹೇಳಿ, ಹಡಗು ಹತ್ತಿದ ಮೇಲಲ್ಲ. ಫೋನಿನಲ್ಲಿ ‘ಅಮ್ಮಾ, ನಿಮಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದ್ದೆ’ ಅಂದು ಅಲ್ಲೇ ಕ್ಯಾಮೆರಾ ತಿರುಗಿಸಿ ತೋರಿಸಿ. ಮೇಲಿನ ಬಂಕ್, ಅದಕ್ಕೆ ಎಳೆದುಕೊಳ್ಳುವ ಪರದೆ, ಉಕ್ಕಿನ ಗೋಡೆಗೆ ಆಯಸ್ಕಾಂತದ ಗುಂಡಿಯಲ್ಲಿ ಸಿಕ್ಕಿಸಿದ ಮನೆಯ ಫೋಟೊಗಳು, ಮೊಣಕೈ ತಾಗುವ ಬಾತ್‌ರೂಮ್. ಅಮ್ಮ ಒಂದೆರಡು ದಿನ ಮಂಕಾಗಬಹುದು. ಮಂಕಾಗಲಿ, ಮನೆಯಲ್ಲೇ ಆಗಿಬಿಟ್ಟರೆ ಹಡಗು ಹತ್ತುವ ಹೊತ್ತಿಗೆ ‘ರೂಮ್‌ಮೇಟ್ ಒಳ್ಳೆಯವಳಾ?’ ಅನ್ನುವ ಪ್ರಶ್ನೆಗೆ ಬಂದಿರುತ್ತಾರೆ. ಖುದ್ದಾಗಿ ತೋರಿಸುವ ವಿಚಾರ ಬೇರೆ: ಸಿಬ್ಬಂದಿಯ ಜಾಗಕ್ಕೆ ಪ್ರಯಾಣಿಕರನ್ನು ಬಿಡುವ ನಿಯಮ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಎಚ್‌ಆರ್‌ಗೆ ಬರೆದು ಕೇಳಿ. ಒಪ್ಪಿದರೆ ರೂಮ್‌ಮೇಟ್ ಮಲಗಿಲ್ಲದ ಹೊತ್ತು ನೋಡಿ ಒಮ್ಮೆ ಕರೆದುಕೊಂಡು ಹೋಗಿ. ಒಪ್ಪದಿದ್ದರೆ ಕದ್ದು ಕರೆದೊಯ್ಯುವ ಸಾಹಸ ಬೇಡ, ಕೆಲಸಕ್ಕೇ ಕುತ್ತು.

ಟೇಬಲ್ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮ ತಂದೆಗೆ ಹಿಡಿಸಲಿಕ್ಕಿಲ್ಲ. ಏಳೂ ರಾತ್ರಿ ನಿಮ್ಮ ಟೇಬಲ್ ಬೇಡ. ವಾರದ ನಡುವೆ ಒಂದು ರಾತ್ರಿ ಸಾಕು, ಅದೂ ಹೆಡ್ ವೇಟರ್ ಒಪ್ಪಿದರೆ. ಅವಮಾನ ಅಂತ ಅಲ್ಲ ನಾನು ಹೇಳುತ್ತಿರುವುದು. ಅಪ್ಪನಿಗೆ ತಟ್ಟೆ ತಂದಿಡುವುದರಲ್ಲಿ ಯೂನಿಫಾರ್ಮ್ ಇದ್ದರೇನು, ಇಲ್ಲದಿದ್ದರೇನು? ತೊಂದರೆ ಬೇರೆ ಇದೆ. ನೀವು ನಾಲ್ಕು ತಟ್ಟೆ ಹೊತ್ತು ಬರುವುದನ್ನು ಕಂಡ ಕೂಡಲೇ ಅವರು ಎದ್ದು ಕೈ ಕೊಡಲು ಬರುತ್ತಾರೆ. ಅಮ್ಮ ‘ನೀನು ಊಟ ಮಾಡಿದ್ಯಾ?’ ಅಂತ ಹಾಲ್‌ಗೆಲ್ಲ ಕೇಳುವಂತೆ ಕೇಳುತ್ತಾರೆ. ಪಕ್ಕದ ಟೇಬಲ್‌ನವರು ಸ್ವಲ್ಪ ಒರಟಾಗಿ ಮಾತಾಡಿದರೋ, ಅಪ್ಪನ ಮುಖ ನೋಡಲಾಗುವುದಿಲ್ಲ. ಪ್ರವಾಸದ ಕೊನೆಗೆ ಅಂಕ ಕೊಡುವವರು ಆ ಪಕ್ಕದ ಟೇಬಲ್‌ನವರೇ. ಆ ಒಂದು ರಾತ್ರಿ ಮಾತ್ರ ಅವರಿಗೂ ಬೇರೆ ಪ್ರಯಾಣಿಕರಿಗೆ ಬಡಿಸುವಂತೆಯೇ, ಕ್ರಮ ತಪ್ಪದೆ ಬಡಿಸಿ. ನಿಮ್ಮ ಕೆಲಸ ಹೇಗಿದೆ ಅಂತ ಅವರು ನೋಡಲಿ.

ಉಳಿದ ರಾತ್ರಿಗಳಲ್ಲಿ ನಿಮ್ಮ ಗೆಳೆಯರೇ ಅವರನ್ನು ತಲೆಯ ಮೇಲೆ ಹೊತ್ತು ನೋಡಿಕೊಳ್ಳುತ್ತಾರೆ ಬಿಡಿ.

‘ಬಿಟ್ಟು ಬಾ’ ಅನ್ನುವ ಮಾತು ಬರಬಹುದು. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ, ಬಿಡಬೇಕು ಅಂತ ನೀವೆಲ್ಲೂ ಬರೆದಿಲ್ಲ. ಹಾಗಿದ್ದ ಮೇಲೆ ಹಡಗಿನಲ್ಲಿ ಆ ಚರ್ಚೆಗೆ ಇಳಿಯಬೇಡಿ. ದಣಿದ ಮಗಳನ್ನು ಎದುರಿಗೇ ಕಂಡ ತಾಯಿಯ ಹತ್ತಿರ ಅವತ್ತು ಯಾವ ವಾದವೂ ನಡೆಯುವುದಿಲ್ಲ. ‘ಕಾಂಟ್ರಾಕ್ಟ್ ಮುಗಿಸಿ ಬಂದು ಕೂತು ಮಾತಾಡೋಣ ಅಮ್ಮಾ’ ಅನ್ನಿ. ಬಂದ ಮೇಲೆ ನಿಜಕ್ಕೂ ಕೂತು ಮಾತಾಡಿ.

ಮೊದಲ ಮತ್ತು ಕೊನೆಯ ದಿನಗಳ ಬಗ್ಗೆಯೂ ಮೊದಲೇ ಹೇಳಿಡಿ. ಹತ್ತುವ ದಿನ ಹಡಗು ಹೊರಡುವ ಹೊತ್ತಿಗೆ ಪ್ರಯಾಣಿಕರ ಸುರಕ್ಷತಾ ಡ್ರಿಲ್ ಮುಗಿದಿರಬೇಕು, ನೀವು ನಿಮ್ಮ ಜಾಗದಲ್ಲಿರುತ್ತೀರಿ. ಬಾಗಿಲಲ್ಲಿ ಸ್ವಾಗತಿಸಲು ಮಗಳು ನಿಂತಿರುತ್ತಾಳೆ ಅಂತ ಅವರು ಕಾಯುವುದು ಬೇಡ. ಇಳಿಯುವ ಬೆಳಿಗ್ಗೆ ಇನ್ನೂ ಗಡಿಬಿಡಿ: ಹಳಬರು ಇಳಿದು ಮಧ್ಯಾಹ್ನದೊಳಗೆ ಹೊಸಬರು ಹತ್ತಲು ಶುರು ಮಾಡುತ್ತಾರೆ. ಲಗೇಜ್‌ಗೆ ಟ್ಯಾಗ್ ಕಟ್ಟಿ ಹಿಂದಿನ ರಾತ್ರಿಯೇ ಬಾಗಿಲ ಹೊರಗಿಡಬೇಕಲ್ಲ, ಆ ಕೆಲಸಕ್ಕೆ ನೀವೂ ಅವರ ಕ್ಯಾಬಿನ್ನಿಗೆ ಹೋಗಲು ಅನುಮತಿ ಕೇಳಿಟ್ಟುಕೊಳ್ಳಿ. ಅಳುವುದು, ಬುದ್ಧಿ ಹೇಳುವುದು ಎಲ್ಲ ಅಲ್ಲೇ ಮುಗಿಯಲಿ. ಬೆಳಗಿನ ಶಿಫ್ಟ್‌ನಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ.