ಪಾಸ್ಟರ್ ಬರೋ ತನಕ ಪ್ರಾರ್ಥನೆ ಕಾಯ್ಬೇಕಾ?

ಪ್ರಶ್ನೆ: ನಮ್ಮ ಅತ್ತೆಯವ್ರಿಗೆ ಆರಾಮಿಲ್ರಿ, ಹಾಸಿಗಿ ಹಿಡದಾರ. ನಾನು ದಿನಾ ಬಾಜೂಕ ಕುಂತು ಪ್ರಾರ್ಥನೆ ಮಾಡ್ತೀನಿ, ಆದ್ರ ಅವ್ರಿಗೆ ಸಮಾಧಾನ ಇಲ್ಲ, ಪಾಸ್ಟರ್ ಬಂದು ತಲಿ ಮ್ಯಾಲೆ ಕೈ ಇಟ್ರನ ದೇವ್ರು ಕೇಳ್ತಾನ ಅಂತಾರ. ಪಾಸ್ಟರ್‌ಗೆ ಮೂರು ಊರಿನ ಸಭಾ, ಬರೂದು ಮುಂದಿನ ವಾರ. ನನ್ನ ಪ್ರಾರ್ಥನಿ ಲೆಕ್ಕಕ್ಕಿಲ್ಲೇನ್ರಿ?
– ಒಬ್ಬ ಸಹೋದರಿ, ಗದಗ

ಉತ್ತರ: ಲೆಕ್ಕಕ್ಕಿದೆ ಸಹೋದರಿ, ಪೂರ್ತಿ ಲೆಕ್ಕಕ್ಕಿದೆ. ಹಳೇ ಒಡಂಬಡಿಕೇಲಿ ಮಹಾಪವಿತ್ರಸ್ಥಾನದ (ದೇವಾಲಯದಲ್ಲಿ ದೇವರ ಸನ್ನಿಧಿಯ ಒಳಕೋಣೆ) ಒಳಗೆ ಹೋಗೋಕೆ ಮಹಾಯಾಜಕ ಒಬ್ಬನಿಗೇ ಪರ್ಮಿಷನ್, ಅದೂ ವರ್ಷಕ್ಕೊಂದೇ ದಿನ, ಅದೂ ರಕ್ತ ತಗೊಂಡು. ಯೇಸು ಪ್ರಾಣ ಬಿಟ್ಟಾಗ ಆ ಕೋಣೆಗೆ ಅಡ್ಡ ಇದ್ದ ದೇವಾಲಯದ ತೆರೆ ಮೇಲಿಂದ ಕೆಳಗಿನ ತನಕ ಹರೀತು ಅಂತ ಮತ್ತಾಯ 27ರಲ್ಲಿದೆ, ಅದಾದ್ಮೇಲೆ ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯ ನಾವೆಲ್ಲರೂ ಧೈರ್ಯವಾಗಿ ಒಳಗೆ ಹೋಗಬಹುದು ಅನ್ನುತ್ತೆ. ಬರೀ ಪಾಸ್ಟರ್‌ಗಳು ಅಂತ ಅಲ್ಲಿ ಬರೆದಿಲ್ಲ. ಪೇತ್ರನಂತೂ (1 ಪೇತ್ರ 2:9) ಅಲ್ಲಲ್ಲಿ ಚದುರಿ ಹೋಗಿದ್ದ ಸಾಮಾನ್ಯ ವಿಶ್ವಾಸಿಗಳಿಗೇ ನೀವು ಯಾಜಕರು ಅಂತಾನೆ, ಅವರಲ್ಲಿ ಮನೆ ಆಳುಗಳಿದ್ರು, ಅವಿಶ್ವಾಸಿ ಗಂಡಂದಿರ ಜೊತೆ ಸಂಸಾರ ಮಾಡ್ತಿದ್ದ ಹೆಂಗಸರಿದ್ರು.

ಹಾಗಂತ ಅತ್ತೆಯವರ ಜೊತೆ ವಾದ ಮಾಡ್ಬೇಡಿ, ಕಾಯಿಲೆಯವರು ಕೇಳಿದ್ರೆ ಪಾಸ್ಟರ್‌ಗೆ ಫೋನ್ ಮಾಡಿ. ರೋಗಿ ಸಭೆಯ ಹಿರಿಯರನ್ನ ಕರೆಸಲಿ ಅಂತ ಯಾಕೋಬ 5:14 ಹೇಳೋದೂ ನಿಜಾನೇ, ಎರಡೇ ವಚನ ದಾಟಿದ್ರೆ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಎಲ್ರಿಗೂ ಹೇಳೋದೂ ನಿಜ. ಪಾಸ್ಟರ್ ಬರ್ಲಿ, ಅಲ್ಲೀವರೆಗೂ ನೀವು ನಿಲ್ಲಿಸ್ಬೇಡಿ. (ಇದ್ರ ಮಧ್ಯೆ ಯಾರಾದ್ರೂ ನಮ್ಮ ಸ್ಪೆಷಲ್ ಪ್ರೇಯರ್‌ಗೆ ಇಷ್ಟು ಕಾಣಿಕೆ ಕಳಿಸಿ ಅಂತ ವಾಟ್ಸಾಪ್ ಮಾಡಿದ್ರೆ ಬ್ಲಾಕ್ ಮಾಡಿ.)

ಪ್ರಶ್ನೆ: ವಿಶ್ವಾಸಿಗಳೆಲ್ಲಾ ಯಾಜಕರು ಅಂದ್ಮೇಲೆ ಸಭೆ, ಪಾಸ್ಟರ್ ಇವೆಲ್ಲ ಯಾಕೆ ಸರ್? ನಾನು ಸಭೆ ಬಿಟ್ಟು ಬಹಳ ದಿನ ಆಯ್ತು, ಯೂಟ್ಯೂಬಲ್ಲಿ ಮೆಸೇಜ್ ಕೇಳ್ತೀನಿ, ಕರ್ತನ ಭೋಜನಾನೂ (ಯೇಸುವಿನ ನೆನಪಿಗೆ ತಗೊಳ್ಳೋ ರೊಟ್ಟಿ, ದ್ರಾಕ್ಷಾರಸ) ಮನೇಲಿ ಒಬ್ನೇ ತಗೋತೀನಿ.
– ಓದುಗ, ಬೆಂಗಳೂರು

ಉತ್ತರ: ಸಂಖ್ಯಾಕಾಂಡ 16 ತೆಗೆದು ನೋಡಿ ತಮ್ಮಾ, ಕೋರಹ ಅನ್ನೋನು ಮೋಶೆ, ಮಹಾಯಾಜಕ ಆರೋನರ ಎದುರು ನಿಂತು ಹೇಳಿದ್ದು ಹೆಚ್ಚುಕಮ್ಮಿ ನಿಮ್ಮ ಮಾತೇ, ಜನರೆಲ್ಲಾ ಪರಿಶುದ್ಧರೇ, ನೀವ್ಯಾಕೆ ನಮ್ಮ ಮೇಲೆ ದೊಡ್ಡವರಾಗ್ತೀರಾ ಅಂತ. ಅವನ ಮಾತಲ್ಲಿ ಅರ್ಧ ನಿಜ ಇತ್ತು, ವಿಮೋಚನಕಾಂಡ 19:6ರಲ್ಲಿ ಇಸ್ರಾಯೇಲ್ಯರೆಲ್ಲಾ ಯಾಜಕರ ರಾಜ್ಯ ಆಗ್ತೀರಿ ಅಂತ ದೇವರೇ ಹೇಳಿದ್ದ, ಆದ್ರೆ ಕೋರಹನಿಗೆ ಬೇಕಿದ್ದದ್ದು ಆರೋನನ ಜಾಗ.

ವಿಶ್ವಾಸಿಗಳೆಲ್ಲಾ ಯಾಜಕರು ಅನ್ನೋ ಈ ಬೋಧನೆನ ಜೋರಾಗಿ ಎತ್ತಿ ಹಿಡಿದಿದ್ದು ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್, 1520ರಲ್ಲಿ ಜರ್ಮನಿಯ ಸರದಾರರಿಗೆ ಬರೆದ ಪುಸ್ತಕದಲ್ಲಿ. ಪೋಪ್, ಬಿಷಪ್, ಸನ್ಯಾಸಿಗಳು ಮಾತ್ರ ಆತ್ಮಿಕ ವರ್ಗ, ರೈತ ಚಮ್ಮಾರ ಕಮ್ಮಾರ ಎಲ್ಲಾ ಕೆಳಗಿನವರು ಅನ್ನೋದು ಕಟ್ಟುಕಥೆ, ದೀಕ್ಷಾಸ್ನಾನ ಆದವರೆಲ್ಲ ಯಾಜಕರೇ, ವ್ಯತ್ಯಾಸ ಇರೋದು ಕೆಲಸದಲ್ಲಿ ಮಾತ್ರ ಅಂದ. ಅದೇ ಪುಸ್ತಕದಲ್ಲೇ ಇನ್ನೊಂದು ಮಾತಿದೆ, ಅದನ್ನ ನಿಮ್ಮಂಥವರು ಓದಲ್ಲ: ಒಬ್ಬ ರಾಜನಿಗೆ ಹತ್ತು ಮಕ್ಕಳು, ಎಲ್ರೂ ಸಮಾನ ವಾರಸುದಾರರು, ಅವರೇ ಸೇರಿ ಎಲ್ಲರ ಪರವಾಗಿ ಆಳೋಕೆ ಒಬ್ಬನನ್ನ ಆರಿಸ್ತಾರೆ. ಅಧಿಕಾರ ಎಲ್ಲರದ್ದು ಆಗಿರೋದ್ರಿಂದ್ಲೇ ಯಾರೂ ತಾನಾಗಿ ಮುಂದೆ ಬಂದು ಎಲ್ಲರದ್ದನ್ನ ಕೈಗೆ ತಗೊಳ್ಳೋ ಹಾಗಿಲ್ಲ, ಸಭೆ ಒಪ್ಪಿ ಕರೀಬೇಕು ಅನ್ನೋದು ಅವನ ವಾದ.

ಬ್ರದರನ್ ಸಭೆಗಳನ್ನೇ ನೋಡಿ, ಅಲ್ಲಿ ದೀಕ್ಷೆ ಪಡೆದ ಪಾಸ್ಟರ್ ಅಂತ ಇರಲ್ಲ, ಸಹೋದರರೇ ರೊಟ್ಟಿ ಮುರೀತಾರೆ, ಆದ್ರೂ ಅವರು ವಾರವಾರ ಒಟ್ಟಿಗೆ ಸೇರೋದನ್ನ ಬಿಡಲ್ಲ. ಪಾಸ್ಟರ್ ಇಲ್ದೆ ಸಭೆ ನಡೀಬಹುದು, ಇನ್ನೊಬ್ಬರಿಲ್ದೆ ಯಾಜಕತ್ವ ನಡಿಯಲ್ಲ, ಯಾಕಂದ್ರೆ ಯಾಜಕ ಅಂದ್ರೇನೇ ಬೇರೆಯವರ ಭಾರ ದೇವರ ಮುಂದೆ ತರೋನು. ನೀವು ಮನೇಲಿ ಒಬ್ರೇ ಕೂತು ಯಾರ ಭಾರ ಹೊರ್ತಿದೀರಾ? ಕೊರಿಂಥದವರು ಒಬ್ಬರಿಗೊಬ್ಬರು ಕಾಯ್ದೆ ಮೊದ್ಲೇ ತಿಂದು ಮುಗಿಸ್ತಿದ್ರು ಅಂತ್ಲೇ ಪೌಲ ಬೈದಿದ್ದು (1 ಕೊರಿಂಥ 11), ಒಬ್ರೇ ತಗೊಳ್ಳೋ ಭೋಜನಕ್ಕೆ ಏನಂತಿದ್ನೋ. ಇನ್ನು ಸಭೇಲಿ ನಿಮಗೆ ಯಾರಾದ್ರೂ ನೋವು ಮಾಡಿದ್ರೆ ಅದನ್ನ ನೇರವಾಗಿ ಬರೀರಿ, ಅದು ಬೇರೆ ಪ್ರಶ್ನೆ, ಅದಕ್ಕೆ ಈ ಬೋಧನೆಯ ನೆಪ ಬೇಡ. ಆ ಸಭೇಲಿ ಆಗ್ದಿದ್ರೆ ಬೇರೆ ಸಭೆ ನೋಡಿ, ನಾಲ್ಕು ಜನ ಸೇರೋ ಮನೆ ಪ್ರಾರ್ಥನೆ ಆದ್ರೂ ಸರಿ.

ಪ್ರಶ್ನೆ: ನನ್ನ ಕ್ಯಾಥೋಲಿಕ್ ಫ್ರೆಂಡ್, ನಮ್ಮಲ್ಲೂ ಎಲ್ರೂ ಯಾಜಕರೇ ಅಂತಾಳೆ. ಹೌದಾ?
– ಮಂಗಳೂರು

ಉತ್ತರ: ಹೌದು. ಎರಡನೇ ವ್ಯಾಟಿಕನ್ ಮಹಾಸಭೆ (ಕ್ಯಾಥೋಲಿಕ್ ಬಿಷಪ್‌ಗಳ ದೊಡ್ಡ ಸಭೆ) 1964ರಲ್ಲಿ ಸಭೆಯ ಬಗ್ಗೆ ಹೊರಡಿಸಿದ ದಾಖಲೇಲಿ ವಿಶ್ವಾಸಿಗಳ ಸಾಮಾನ್ಯ ಯಾಜಕತ್ವ ಅಂತ ಸ್ಪಷ್ಟವಾಗಿ ಇದೆ. ಆದ್ರೆ ಅಭಿಷೇಕ ಆದ ಗುರುಗಳ ಯಾಜಕತ್ವ ಬೇರೆ ಬಗೆಯದ್ದು, ಬರೀ ಹೆಚ್ಚು ಕಮ್ಮಿ ಅನ್ನೋ ವ್ಯತ್ಯಾಸ ಅಲ್ಲ ಅಂತಾನೂ ಅದೇ ಹೇಳುತ್ತೆ, ಲೂಥರ್ ಒಪ್ಪದೇ ಇದ್ದದ್ದು ಅದನ್ನೇ. ಅದಕ್ಕೇ ಅವರಲ್ಲಿ ಗುರುಗಳಿಲ್ದೆ ಬಲಿಪೂಜೆ ಇಲ್ಲ, ಆದ್ರೆ ಸಾಯೋ ಸ್ಥಿತೀಲಿರೋ ಮಗುಗೆ ಆಸ್ಪತ್ರೆ ನರ್ಸ್ ಕೂಡ ಸಭೆಯ ಉದ್ದೇಶ ಇಟ್ಕೊಂಡು ದೀಕ್ಷಾಸ್ನಾನ ಕೊಡಬಹುದು.